ನವೋದಯ ಪರೀಕ್ಷೆ: ಪುಸ್ತಕ ತರುವ ಮೊದಲು ನೋಡಬೇಕಾದ್ದು

ದಸರಾ ರಜೆ ಮುಗಿದು ಶಾಲೆ ತೆರೆದ ವಾರ ಪ್ರತಿ ವರ್ಷವೂ ಯಾರಾದರೊಬ್ಬ ಅಪ್ಪ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿರುತ್ತಾರೆ. ‘ಮೇಷ್ಟ್ರೇ, ನಮ್ಮ ಹುಡುಗನ್ನ ಈ ಸಲ ನವೋದಯಕ್ಕೆ ಕೂರಿಸ್ಬೇಕು. ಯಾವ ಪುಸ್ತಕ ತರ್ಲಿ?’ ಅಷ್ಟರಲ್ಲಿ ಅರ್ಜಿಯ ಗಡುವು ಮುಗಿದು ವಾರಗಳೇ ಕಳೆದಿರುತ್ತವೆ. ಹೇಳಲು ನನಗೂ ಸಂಕಟ, ಕೇಳಲು ಅವರಿಗೂ ಸಂಕಟ. ಬೇಗ ಬಂದವರಿಗೂ ನಾನು ಪುಸ್ತಕದ ಹೆಸರು ಹೇಳುವುದಿಲ್ಲ. ‘ಮಗು ಮೂರನೇ ಕ್ಲಾಸು ಎಲ್ಲಿ ಓದಿತು?’ ಎಂದು ಕೇಳುತ್ತೇನೆ. ಯಾಕೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಜವಾಹರ್ ನವೋದಯ ವಿದ್ಯಾಲಯಗಳು ಕೇಂದ್ರ ಶಿಕ್ಷಣ ಸಚಿವಾಲಯದ ಅಧೀನದ ನವೋದಯ ವಿದ್ಯಾಲಯ ಸಮಿತಿ ನಡೆಸುವ ವಸತಿ ಶಾಲೆಗಳು. 1985–86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಒಂದೊಂದು ಶಾಲೆಯಿಂದ ಶುರುವಾದವು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಲ್ಲಿ ದೇಶದ ಹೆಚ್ಚಿನ ಜಿಲ್ಲೆಗಳಿಗೆ ಹಬ್ಬಿದವು. ತಮಿಳುನಾಡಿನಲ್ಲಿ ಮಾತ್ರ ಒಂದೂ ಇಲ್ಲ. ಆರರಿಂದ ಹನ್ನೆರಡನೇ ತರಗತಿವರೆಗೆ ಸಿಬಿಎಸ್‌ಇ ಪಠ್ಯಕ್ರಮ. ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲ ಉಚಿತ. ಒಂಬತ್ತನೇ ತರಗತಿಯಿಂದ ವಿದ್ಯಾಲಯ ವಿಕಾಸ ನಿಧಿಗೆಂದು ತಿಂಗಳಿಗೆ 600 ರೂಪಾಯಿ ಕಟ್ಟಬೇಕು. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲ ಮಕ್ಕಳು, ಬಡತನ ರೇಖೆಗಿಂತ ಕೆಳಗಿನ ಕುಟುಂಬದವರು ಅದನ್ನೂ ಕಟ್ಟಬೇಕಿಲ್ಲ. ಸರ್ಕಾರಿ ನೌಕರರ ಮಕ್ಕಳ ಲೆಕ್ಕ ಬೇರೆ, ಅವರಿಗೆ ಹೆಚ್ಚು.

ಒಂದು ಶಾಲೆಗೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು, ಅದೂ ಇಡೀ ಜಿಲ್ಲೆಯಿಂದ. ಪರೀಕ್ಷೆ ಇರುವುದು ಅದಕ್ಕೇ.

ಮೊದಲು ಅರ್ಹತೆ

ಮಗು ಈ ವರ್ಷ ಐದನೇ ತರಗತಿಯಲ್ಲಿರಬೇಕು, ಸರ್ಕಾರಿ ಅಥವಾ ಮಾನ್ಯತೆ ಪಡೆದ ಶಾಲೆಯಲ್ಲಿ ಓದುತ್ತಿರಬೇಕು. ಯಾವ ಜಿಲ್ಲೆಯ ನವೋದಯ ಬೇಕೋ ಅದೇ ಜಿಲ್ಲೆಯಲ್ಲಿ ವಾಸವೂ ಇರಬೇಕು, ಓದೂ ಇರಬೇಕು. ಶಿವಮೊಗ್ಗದ ಗಾಜನೂರು ಚೆನ್ನಾಗಿದೆಯಂತೆ ಎಂದು ದಾವಣಗೆರೆ ಜಿಲ್ಲೆಯಲ್ಲಿ ಓದುವ ಮಗುವಿನಿಂದ ಅಲ್ಲಿಗೆ ಅರ್ಜಿ ಹಾಕಿಸಲು ಬರುವುದಿಲ್ಲ.

ವಯಸ್ಸಿಗೂ ಮಿತಿಯಿದೆ. 2026–27ರ ಪ್ರವೇಶಕ್ಕೆ 2014ರ ಮೇ 1ರಿಂದ 2016ರ ಜುಲೈ 31ರೊಳಗೆ ಹುಟ್ಟಿದ ಮಕ್ಕಳು ಅರ್ಹರಾಗಿದ್ದರು. ಹಿಂದಿನ ವರ್ಷದ ಪ್ರವೇಶಕ್ಕೆ ಈ ಎರಡೂ ತಾರೀಖು ಒಂದೊಂದು ವರ್ಷ ಹಿಂದಿದ್ದವು. ನಿಮ್ಮ ಮಗುವಿನ ಸಾಲಿನ ತಾರೀಖನ್ನು ಆ ವರ್ಷದ ಪ್ರಕಟಣೆಯಲ್ಲೇ ನೋಡಿ.

ಇನ್ನೊಂದು ಮಾತನ್ನು ಮೈಮೇಲೆ ಬರೆದುಕೊಂಡಂತೆ ನೆನಪಿಡಬೇಕು. ಈ ಪರೀಕ್ಷೆ ಜೀವನದಲ್ಲಿ ಒಂದೇ ಸಲ. ಸಿಗಲಿಲ್ಲವೆಂದು ಮಗುವನ್ನು ಮತ್ತೆ ಐದನೇ ತರಗತಿಗೇ ಕೂರಿಸಿ ಎರಡನೇ ಸಲ ಬರೆಸಲು ಅವಕಾಶವಿಲ್ಲ. ‘ಹೇಗಿರುತ್ತೆ ನೋಡೋಣ’ ಎಂದು ಪ್ರಾಕ್ಟೀಸಿಗೆ ಬರೆಸುವ ಪರೀಕ್ಷೆ ಇದಲ್ಲ.

ಇನ್ನು ಮೂರನೇ ತರಗತಿಯ ಪ್ರಶ್ನೆ. ಜಿಲ್ಲೆಯ ಕನಿಷ್ಠ ಶೇ 75 ಸೀಟು ಗ್ರಾಮೀಣ ಮಕ್ಕಳಿಗೆ. ಅಂದರೆ 80ರಲ್ಲಿ ಕನಿಷ್ಠ 60. ಉಳಿದದ್ದಕ್ಕೆ ಹಳ್ಳಿ, ಪೇಟೆ ಎಲ್ಲರೂ ಸ್ಪರ್ಧಿಸುತ್ತಾರೆ. ಗ್ರಾಮೀಣ ಎನಿಸಿಕೊಳ್ಳಲು ಮೂರು, ನಾಲ್ಕು, ಐದನೇ ತರಗತಿಗಳನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಈ ಮೂರು ವರ್ಷಗಳಲ್ಲಿ ಒಂದೇ ಒಂದು ದಿನ ನಗರ ಪ್ರದೇಶದ ಶಾಲೆಯಲ್ಲಿ ಓದಿದ್ದರೂ ಮಗು ನಗರದ ಅಭ್ಯರ್ಥಿ. ಮನೆ ಹೊಲದ ನಡುವೆ ಇದ್ದರೂ ಲೆಕ್ಕಕ್ಕೆ ಬರುವುದು ಶಾಲೆ ಇರುವ ಜಾಗ. ಇಂಗ್ಲಿಷ್ ಬರಲಿ ಎಂದು ಮೂರನೇ ತರಗತಿಗೆ ಹಳದಿ ಬಸ್ಸು ಹತ್ತಿಸಿ ಪಟ್ಟಣಕ್ಕೆ ಕಳಿಸಿದವರು, ಗೊತ್ತಿಲ್ಲದೆಯೇ ಮಗುವನ್ನು 60 ಸೀಟಿನ ಸಾಲಿನಿಂದ ಎಬ್ಬಿಸಿ 20ರ ಸಾಲಿನಲ್ಲಿ ಕೂರಿಸಿರುತ್ತಾರೆ. ನಾನು ಕಂಡ ಅತಿ ದೊಡ್ಡ ನಷ್ಟ ಇದು. ಇದನ್ನು ಯಾವ ಕೋಚಿಂಗೂ ತುಂಬಿಕೊಡುವುದಿಲ್ಲ.

ಒಟ್ಟು ಸೀಟಿನಲ್ಲಿ ಕನಿಷ್ಠ ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗಿದೆ. ಜಾತಿ ಮೀಸಲಾತಿಯಲ್ಲಿ ಕರ್ನಾಟಕದವರು ಎಡವುವ ಜಾಗವೊಂದಿದೆ. ಹಿಂದುಳಿದ ವರ್ಗದ ಶೇ 27 ಮೀಸಲಾತಿ ಕೇಂದ್ರದ ಪಟ್ಟಿಯಂತೆ ನಡೆಯುತ್ತದೆ. ನಮ್ಮ ರಾಜ್ಯದ 2ಎ, 3ಬಿ ಪ್ರಮಾಣಪತ್ರ ಇದೆಯೆಂದ ಮಾತ್ರಕ್ಕೆ ಇಲ್ಲಿ ಒಬಿಸಿ ಆಗುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯೇ ನೋಡಿಕೊಂಡು, ಕೇಂದ್ರದ ನಮೂನೆಯ ಪ್ರಮಾಣಪತ್ರಕ್ಕೆ ಮೊದಲೇ ಅರ್ಜಿ ಕೊಟ್ಟಿರಿ.

ಅರ್ಜಿ

ಸಾಮಾನ್ಯವಾಗಿ ಶಾಲೆ ಶುರುವಾದ ಮೊದಲ ತಿಂಗಳುಗಳಲ್ಲೇ ನವೋದಯ ಸಮಿತಿಯ ವೆಬ್‌ಸೈಟಿನಲ್ಲಿ ಅರ್ಜಿ ಬಿಡುತ್ತಾರೆ. ಶುಲ್ಕವಿಲ್ಲ. ಸೈಬರ್ ಸೆಂಟರಿನವರು ತೆಗೆದುಕೊಳ್ಳುವುದು ಅವರ ಕೂಲಿ, ಅಷ್ಟೇ.

ಮೊದಲು ಮುಖ್ಯ ಶಿಕ್ಷಕರ ದೃಢೀಕರಣದ ನಮೂನೆಯನ್ನು ಇಳಿಸಿಕೊಳ್ಳಿ. ಅದನ್ನು ತುಂಬಿ ಫೋಟೊ ಅಂಟಿಸಿ, ಮಗುವಿನದ್ದೂ ಪೋಷಕರದ್ದೂ ಸಹಿ ಹಾಕಿಸಿ, ಶಾಲೆಯ ಮೊಹರಿನೊಂದಿಗೆ ಸ್ಕ್ಯಾನ್ ಮಾಡಿ ಏರಿಸಬೇಕು. ಹೆಸರು, ಹುಟ್ಟಿದ ದಿನ ಶಾಲಾ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಈಗಲೇ ಸರಿಮಾಡಿಸಿ. ಗಡುವು ಮುಗಿದ ಮೇಲೆ ತಿದ್ದುಪಡಿಗೆ ಕೆಲವು ದಿನ ಕೊಡುತ್ತಾರೆ ನಿಜ. ಆದರೆ ಆಗ ತಿದ್ದಬಹುದಾದದ್ದು ಲಿಂಗ, ಮೀಸಲಾತಿ ವರ್ಗ, ಗ್ರಾಮೀಣವೋ ನಗರವೋ, ಅಂಗವೈಕಲ್ಯ, ಪರೀಕ್ಷಾ ಮಾಧ್ಯಮ, ಇಷ್ಟನ್ನೇ.

ಮಾಧ್ಯಮದ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಓದುತ್ತಿರುವ ಮಗುವಿಗೆ ಕನ್ನಡವನ್ನೇ ಆರಿಸಿ. ಇಂಗ್ಲಿಷಿನಲ್ಲಿ ಬರೆದರೆ ಬೆಲೆ ಹೆಚ್ಚು ಎಂಬ ಗುಮಾನಿ ಎಲ್ಲಿಂದ ಹುಟ್ಟಿತೋ ಗೊತ್ತಿಲ್ಲ. ಆರಿಸಿದ ಭಾಷೆಯ ಪ್ರಶ್ನೆಪತ್ರಿಕೆಯೇ ಕೈಗೆ ಬರುತ್ತದೆ, ಪರೀಕ್ಷೆಯ ದಿನ ಬದಲಿಸಲಾಗದು.

ಪತ್ರಿಕೆಯ ಒಳಗೆ

ಹಿಂದೆ ಜನವರಿಯಲ್ಲಿ ನಡೆಯುತ್ತಿದ್ದ ಪರೀಕ್ಷೆ ಈಚೆಗೆ ಇನ್ನೂ ಬೇಗ ಬಂದಿದೆ. 2025ರ ಪ್ರವೇಶಕ್ಕೆ ಜನವರಿ 18ರಂದು ನಡೆದರೆ, 2026ರದ್ದು 2025ರ ಡಿಸೆಂಬರ್ 13ಕ್ಕೇ ನಿಗದಿಯಾಯಿತು. ಬೆಳಿಗ್ಗೆ 11.30ರಿಂದ ಮಧ್ಯಾಹ್ನ 1.30, ಎರಡು ಗಂಟೆ. ಅಂಗವಿಕಲ ಮಕ್ಕಳಿಗೆ 40 ನಿಮಿಷ ಹೆಚ್ಚು. 80 ಪ್ರಶ್ನೆ, 100 ಅಂಕ.

ಮಾನಸಿಕ ಸಾಮರ್ಥ್ಯಕ್ಕೆ 40 ಪ್ರಶ್ನೆ, 50 ಅಂಕ. ಅಂಕಗಣಿತಕ್ಕೆ 20 ಪ್ರಶ್ನೆ, 25 ಅಂಕ. ಭಾಷೆಗೂ ಅಷ್ಟೇ. ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಿ. ಯಾವ ಭಾಗದ್ದೇ ಆಗಲಿ, ಪ್ರತಿ ಪ್ರಶ್ನೆಗೆ ಒಂದೂಕಾಲು ಅಂಕ, ಸಿಗುವ ಹೊತ್ತು ಒಂದೂವರೆ ನಿಮಿಷ. ಐದು ನಿಮಿಷ ತಿಣುಕಿ ಬಿಡಿಸಿದ ಲೆಕ್ಕಕ್ಕೂ ಕಣ್ಣೋಟದಲ್ಲೇ ಗೊತ್ತಾಗುವ ಚಿತ್ರಕ್ಕೂ ಬೆಲೆ ಒಂದೇ. ನಮ್ಮ ಜಾಣ ಮಕ್ಕಳು ಸೋಲುವುದು ಇಲ್ಲೇ. ‘ಬಿಟ್ಟರೆ ಅವಮಾನ’ ಎಂಬಂತೆ ಒಂದೇ ಲೆಕ್ಕಕ್ಕೆ ಜೋತುಬೀಳುತ್ತಾರೆ, ಕೊನೆಯ ಹತ್ತು ಪ್ರಶ್ನೆ ಓದುವುದಕ್ಕೂ ಹೊತ್ತು ಉಳಿಯುವುದಿಲ್ಲ. ಬಿಟ್ಟು ಮುಂದೆ ಹೋಗಿ ತಿರುಗಿ ಬರುವುದನ್ನು ಹೇಳಿಕೊಡಬೇಕಾಗುತ್ತದೆ. ತಾನಾಗಿ ಬರುವ ವಿದ್ಯೆಯಲ್ಲ.

ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎಂಟು ಪ್ರಶ್ನೆ ಉಳಿದವೆಂದುಕೊಳ್ಳಿ. ಖಾಲಿ ಬಿಟ್ಟರೆ ಸೊನ್ನೆ. ಕಣ್ಣು ಮುಚ್ಚಿ ತುಂಬಿದರೂ ನಾಲ್ಕರಲ್ಲೊಂದು ಸರಿಯಾಗುವ ಲೆಕ್ಕದಲ್ಲಿ ಎರಡು ಸರಿ, ಎರಡೂವರೆ ಅಂಕ. ಕೊನೆಯ ಎರಡು ನಿಮಿಷ ಇದಕ್ಕೇ ಮೀಸಲಿರಲಿ.

ಚಿತ್ರಗಳ ಭಾಗ

ಮಾನಸಿಕ ಸಾಮರ್ಥ್ಯ ಎಂದರೆ ಇದೇ. ಒಟ್ಟು ಅಂಕದ ಅರ್ಧ ಇಲ್ಲೇ ಇದೆ, ಶಾಲೆಯ ಯಾವ ಪಾಠದಲ್ಲೂ ಇದು ಬರುವುದಿಲ್ಲ. ಓದುವುದಕ್ಕೆ ಅಕ್ಷರವೇ ಇಲ್ಲ, ಬರೀ ಚಿತ್ರ. ಹತ್ತು ಬಗೆ, ಒಂದೊಂದರಲ್ಲಿ ನಾಲ್ಕು ಪ್ರಶ್ನೆ. ಗುಂಪಿಗೆ ಸೇರದ್ದನ್ನು ಗುರುತಿಸುವುದು, ಅದೇ ಆಕೃತಿಯನ್ನು ಹುಡುಕುವುದು, ಬಿಟ್ಟುಹೋದ ತುಂಡು ತುಂಬುವುದು, ಚಿತ್ರಸರಣಿ, ಸಂಬಂಧ ಹೊಂದಿಸುವುದು, ಅರ್ಧ ಕೊಟ್ಟ ಚೌಕ ಅಥವಾ ವೃತ್ತ ಪೂರ್ತಿ ಮಾಡುವುದು, ಕನ್ನಡಿ ಬಿಂಬ, ಮಡಿಸಿ ತೂತು ಮಾಡಿದ ಕಾಗದ, ತುಂಡುಗಳನ್ನು ಜೋಡಿಸಿದರೆ ಏನಾಗುತ್ತದೆ ಎಂಬುದು, ದೊಡ್ಡ ಚಿತ್ರದೊಳಗೆ ಅಡಗಿದ ಚಿಕ್ಕ ಆಕೃತಿ.

ಇವುಗಳಲ್ಲಿ ಕೆಲವನ್ನು ಗೈಡಿಗಿಂತ ಚೆನ್ನಾಗಿ ಹಳೆಯ ನ್ಯೂಸ್‌ಪೇಪರು ಕಲಿಸುತ್ತದೆ. ಚೌಕ ಕಾಗದವನ್ನು ಒಂದು ಸಲ ಮಡಿಸಿ, ಮತ್ತೊಂದು ಸಲ ಮಡಿಸಿ, ನಡುವೆ ಒಂದು ತೂತು ಮಾಡಿ. ಬಿಡಿಸುವ ಮುಂಚೆ ಮಗು ತನ್ನ ಊಹೆಯನ್ನು ಸ್ಲೇಟಿನ ಮೇಲೆ ಚಿತ್ರಿಸಬೇಕು. ಬಿಡಿಸಿದಾಗ ನಾಲ್ಕು ತೂತು. ಎಷ್ಟು ಎಂದು ಎಲ್ಲ ಮಕ್ಕಳೂ ಬೇಗ ಹೇಳುತ್ತಾರೆ, ಎಲ್ಲೆಲ್ಲಿ ಎನ್ನುವುದರಲ್ಲಿ ತಪ್ಪುತ್ತಾರೆ. ಪ್ರಶ್ನೆಪತ್ರಿಕೆ ಕೇಳುವುದೂ ಎಲ್ಲೆಲ್ಲಿ ಎಂದೇ. ಆಮೇಲೆ ಮೂಲೆಯಿಂದ ಮೂಲೆಗೆ ಮಡಿಸಿ, ಮಡಿಕೆಯ ಅಂಚಿನಲ್ಲೇ ಅರ್ಧ ತೂತು ಕತ್ತರಿಸಿ. ಎರಡು ವಾರ ಹೀಗೆ ಕತ್ತರಿಸಿದ ಮಗು ಮೂರನೇ ವಾರ ಕಾಗದವನ್ನು ತಲೆಯೊಳಗೇ ಬಿಡಿಸುತ್ತದೆ. ನನಗೆ ಈ ಭಾಗ ಕಲಿಸುವಷ್ಟು ಖುಷಿ ಬೇರೆ ಯಾವುದರಲ್ಲೂ ಇಲ್ಲ. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಓದಲು ತಡವರಿಸುವ ಮಕ್ಕಳು ಇಲ್ಲಿ ಮೊದಲು ಕೈ ಎತ್ತುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಕನ್ನಡಿ ಬಿಂಬಕ್ಕೆ ತೆಳು ಕಾಗದದ ಮೇಲೆ ದಪ್ಪಗೆ ಬರೆದು, ತಿರುಗಿಸಿ ಬೆಳಕಿಗೆ ಹಿಡಿದರೆ ಸಾಕು. ಪಕ್ಕಕ್ಕೆ ಕನ್ನಡಿ ಇಟ್ಟಾಗ ಎಡ ಬಲವಾಗುತ್ತದೆ, ಮೇಲಿನದು ಮೇಲೇ ಇರುತ್ತದೆ. ಇಷ್ಟು ಗಟ್ಟಿಯಾದರೆ ಎರಡು ಆಯ್ಕೆಗಳು ತಾವಾಗಿ ಉದುರುತ್ತವೆ.

ಚಿತ್ರಸರಣಿಯಲ್ಲಿ ಎಲ್ಲವನ್ನೂ ಒಟ್ಟಿಗೆ ನೋಡಿದರೆ ತಲೆ ಗಿರ್ ಎನ್ನುತ್ತದೆ. ಮೊದಲು ಚುಕ್ಕೆಯನ್ನಷ್ಟೇ ಹಿಂಬಾಲಿಸಲಿ, ಅದು ಯಾವ ಮೂಲೆಯಿಂದ ಯಾವ ಮೂಲೆಗೆ ಹೋಯಿತು? ಚುಕ್ಕೆ ತಪ್ಪಾದ ಜಾಗದಲ್ಲಿರುವ ಆಯ್ಕೆಗಳನ್ನು ಹೊಡೆದುಹಾಕಿ, ಆಮೇಲೆ ಬಾಣ ತಿರುಗಿದ ದಿಕ್ಕು ನೋಡಲಿ.

ಅಂಕಗಣಿತ, ಭಾಷೆ

ಅಂಕಗಣಿತದ ಆಯ್ಕೆಗಳನ್ನು ಸುಮ್ಮನೆ ಕೊಟ್ಟಿರುವುದಿಲ್ಲ. ಒಂದು ಉದಾಹರಣೆ. ಗುಡಿಯ ಎರಡು ಗಂಟೆಗಳಲ್ಲಿ ಒಂದು 12 ನಿಮಿಷಕ್ಕೊಮ್ಮೆ, ಇನ್ನೊಂದು 18 ನಿಮಿಷಕ್ಕೊಮ್ಮೆ ಬಾರಿಸುತ್ತದೆ. ಎಂಟು ಗಂಟೆಗೆ ಎರಡೂ ಒಟ್ಟಿಗೆ ಬಾರಿಸಿದರೆ, ಮತ್ತೆ ಒಟ್ಟಿಗೆ ಯಾವಾಗ? ಲ.ಸಾ.ಅ. 36, ಉತ್ತರ 8.36. ಆದರೆ ಪಕ್ಕದಲ್ಲೇ 8.30 ಕೂತಿರುತ್ತದೆ, ಕೂಡಿಬಿಟ್ಟವರಿಗೆ. 8.06 ಕೂತಿರುತ್ತದೆ, ಮ.ಸಾ.ಅ. ತೆಗೆದವರಿಗೆ. ತನ್ನ ಉತ್ತರ ಆಯ್ಕೆಗಳಲ್ಲಿ ಸಿಕ್ಕಿತೆಂದು ಹಿಗ್ಗಬಾರದು ಎಂದು ನಾನು ಮಕ್ಕಳಿಗೆ ಹೇಳುವುದು ಇದಕ್ಕೇ. ಹಾಗೆಯೇ ಅಂದಾಜು. 398ನ್ನು 51ರಿಂದ ಗುಣಿಸುವಾಗ 400, 50 ಎಂದುಕೊಂಡರೆ 20,000ದ ಆಸುಪಾಸು. ಆಯ್ಕೆಗಳಲ್ಲಿ 20,298 ಒಂದೇ ಅದರ ಹತ್ತಿರ ಇದ್ದರೆ ಗುಣಾಕಾರವೇ ಬೇಡ. ಭಿನ್ನರಾಶಿ, ದಶಮಾಂಶ, ಶೇಕಡಾ, ಲಾಭ ನಷ್ಟ, ಸುತ್ತಳತೆ, ವಿಸ್ತೀರ್ಣ, ದೂರ ಮತ್ತು ಕಾಲದ ಲೆಕ್ಕ, ಎಲ್ಲ ಐದನೇ ತರಗತಿಯ ಮಟ್ಟದವು.

ಭಾಷೆಯಲ್ಲಿ ಗದ್ಯಭಾಗ ಕೊಟ್ಟು ಕೆಳಗೆ ಐದೈದು ಪ್ರಶ್ನೆ. ಉತ್ತರ ಗದ್ಯದಲ್ಲೇ ಇರುತ್ತದೆ. ಮನೆಯಲ್ಲಿ ದಿನಕ್ಕೊಂದು ಪುಟ ಜೋರಾಗಿ ಓದಿಸಿ, ‘ಏನು ಹೇಳಿದ್ದಾರೆ?’ ಎಂದು ಕೇಳಿದರೆ ತಯಾರಿ ಆಯಿತು.

ಸೈನಿಕ ಶಾಲೆಗೂ ಇದೇ ತಯಾರಿ ಸಾಕೇ ಎಂದು ಕೇಳುವವರಿದ್ದಾರೆ. ಸಾಲದು. ಕೇಂದ್ರದ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ) ನಡೆಸುವ ಆ ಪರೀಕ್ಷೆ 300 ಅಂಕದ್ದು, ಅದರಲ್ಲಿ ಅರ್ಧ ಗಣಿತವೇ. ಜೊತೆಗೆ ಸಾಮಾನ್ಯ ಜ್ಞಾನವೂ ಇದೆ, ನವೋದಯದಲ್ಲಿ ಅದಿಲ್ಲ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳದ್ದು ರಾಜ್ಯದ ಪರೀಕ್ಷಾ ಪ್ರಾಧಿಕಾರ ನಡೆಸುವ ಇನ್ನೊಂದೇ ಪರೀಕ್ಷೆ. ಮೂರಕ್ಕೂ ಬರೆಸಬಹುದು, ಆದರೆ ಮೂರಕ್ಕೂ ಒಂದೇ ಗೈಡು ಹಿಡಿದು ಕೂರಬೇಡಿ.

ಒಎಂಆರ್ ಹಾಳೆ

ಹತ್ತು ವರ್ಷದ ಮಗು ಉತ್ತರದ ವೃತ್ತವನ್ನು ಪೆನ್ನಿನಿಂದ ತುಂಬುವ ಇಂಥ ಹಾಳೆಯನ್ನು ಜೀವನದಲ್ಲಿ ಮೊದಲ ಸಲ ನೋಡುವುದು ಪರೀಕ್ಷಾ ಕೊಠಡಿಯಲ್ಲಾದರೆ ಅದು ನಮ್ಮ ತಪ್ಪು. ನನ್ನ ತರಗತಿಯ ಹುಡುಗಿಯೊಬ್ಬಳು ಒಂದು ಪ್ರಶ್ನೆ ಬಿಟ್ಟಳು, ಹಾಳೆಯಲ್ಲಿ ಅದರ ಸಾಲು ಬಿಡಲಿಲ್ಲ. ಅಲ್ಲಿಂದ ಮುಂದಿನ ಉತ್ತರಗಳೆಲ್ಲ ಒಂದೊಂದು ಮನೆ ಮೇಲಕ್ಕೆ ಸರಿದವು. ಮನೆಗೆ ಬಂದು ಪ್ರಶ್ನೆಪತ್ರಿಕೆ ತೆಗೆದು ನೋಡಿದಾಗ ಗೊತ್ತಾಯಿತು. ಆವತ್ತಿನಿಂದ ನಾನು ಒಎಂಆರ್ ಹಾಳೆಯ ಜೆರಾಕ್ಸ್ ಇಲ್ಲದೆ ಅಭ್ಯಾಸ ಪರೀಕ್ಷೆ ನಡೆಸುವುದಿಲ್ಲ. ಪ್ರತಿ ಉತ್ತರಕ್ಕೂ ಪ್ರಶ್ನೆಸಂಖ್ಯೆಯ ಮೇಲೆ ಎಡಗೈ ಬೆರಳು ಇಡಿಸುತ್ತೇನೆ.

ನೀಲಿ ಅಥವಾ ಕಪ್ಪು ಬಾಲ್ ಪೆನ್ ಮಾತ್ರ, ಪೆನ್ಸಿಲ್ ಇಲ್ಲ, ವೈಟ್ನರ್ ಇಲ್ಲ. ಒಮ್ಮೆ ತುಂಬಿದ ಮೇಲೆ ತಿದ್ದಲಾಗದು. ಡಿಸೆಂಬರ್ ಬರುವ ಮೊದಲು ನಾಲ್ಕೈದು ಶನಿವಾರವಾದರೂ ಸರಿಯಾಗಿ 11.30ಕ್ಕೇ ಕೂರಿಸಿ ಎರಡು ಗಂಟೆ ಬರೆಸಿ. ಒಂದು ಗಂಟೆಗೆ ಹೊಟ್ಟೆ ಚುರುಗುಟ್ಟುವ ಹೊತ್ತು ಅದು, ಮಗುವಿಗೆ ಅದೂ ಅಭ್ಯಾಸವಾಗಲಿ.

ಹೆಸರು ಬಂದ ಮೇಲೆ

ಫಲಿತಾಂಶದಲ್ಲಿ ಆಯ್ಕೆಯಾಯಿತೋ ಇಲ್ಲವೋ ಎಂಬುದಷ್ಟೇ ಇರುತ್ತದೆ. ಎಷ್ಟು ಅಂಕ ಬಂತೆಂದು ಹೇಳುವುದಿಲ್ಲ, ಮರುಮೌಲ್ಯಮಾಪನವೂ ಇಲ್ಲ. ಸೀಟು ಖಚಿತವಾಗುವುದು ದಾಖಲೆ ಪರಿಶೀಲನೆಯ ನಂತರ. ಅರ್ಜಿಯಲ್ಲಿ ಗ್ರಾಮೀಣ ಎಂದು ಬರೆದು, ಪ್ರಮಾಣಪತ್ರದಲ್ಲಿ ಪಟ್ಟಣದ ಶಾಲೆ ಕಂಡುಬಂದರೆ ಅಲ್ಲಿಗೆ ಮುಗಿಯಿತು.

ಪ್ರವೇಶದ ದಿನ ಪೋಷಕರು ಓದದೆ ಸಹಿ ಹಾಕುವ ಒಂದು ಕಾಗದವಿದೆ. ಒಂಬತ್ತನೇ ತರಗತಿಯಲ್ಲಿ ಶೇ 30ರಷ್ಟು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಹಿಂದಿ ಪ್ರದೇಶದ ನವೋದಯಕ್ಕೆ ಕಳಿಸುತ್ತಾರೆ, ಅಲ್ಲಿನ ಮಕ್ಕಳು ಇಲ್ಲಿಗೆ ಬರುತ್ತಾರೆ. ಅದಕ್ಕೆ ನಮ್ಮ ತಕರಾರಿಲ್ಲ ಎಂಬ ಮುಚ್ಚಳಿಕೆ ಅದು. ಹೋಗಿ ಬಂದ ಮಕ್ಕಳಲ್ಲಿ ಹೆಚ್ಚಿನವರು ಅದನ್ನು ನಗುನಗುತ್ತಾ ಹೇಳುತ್ತಾರೆ. ಆದರೂ ಆ ಮಾತನ್ನು ಆರನೇ ತರಗತಿಗೆ ಸೇರಿಸುವಾಗಲೇ ಮಗುವಿನ ಮುಂದೆ, ಮುಖ್ಯವಾಗಿ ಅಜ್ಜಿಯ ಮುಂದೆ, ಆಡಿಬಿಡುವುದು ಒಳ್ಳೆಯದು.

ಸಿಗದವರಿಗೆ ಒಂಬತ್ತನೇ ತರಗತಿಯಲ್ಲಿ ಇನ್ನೊಂದು ಬಾಗಿಲಿದೆ, ಸೀಟು ಖಾಲಿ ಇದ್ದರೆ ಮಾತ್ರ. ಅದೇ ಜಿಲ್ಲೆಯಲ್ಲಿ ಎಂಟನೇ ತರಗತಿ ಓದುತ್ತಿರಬೇಕು. ಎರಡೂವರೆ ಗಂಟೆ, 100 ಅಂಕ. ಗಣಿತ 35, ವಿಜ್ಞಾನ 35, ಇಂಗ್ಲಿಷ್ 15, ಹಿಂದಿ 15. ಚಿತ್ರಗಳಿಲ್ಲ, ಕನ್ನಡವೂ ಇಲ್ಲ, ಪ್ರಶ್ನೆಪತ್ರಿಕೆ ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಇರುತ್ತದೆ. ಕನ್ನಡ ಮಾಧ್ಯಮದ ಮಗುವಿಗೆ ಆ ಯೋಚನೆ ಇದ್ದರೆ, ಏಳನೇ ತರಗತಿಯಿಂದಲೇ ವಿಜ್ಞಾನದ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ದ್ಯುತಿಸಂಶ್ಲೇಷಣೆ, ಘರ್ಷಣೆ, ಲವಣ ಎಂಬ ಪದಗಳ ಎದುರು ಅವುಗಳ ಇಂಗ್ಲಿಷ್ ಹೆಸರು ಬರೆಸುತ್ತಾ ಬನ್ನಿ.