ಮಡಿಕೇರಿಯಿಂದ ವಿಜಯಪುರಕ್ಕೆ, ಇಬ್ಬರು ಚಿಕ್ಕ ಮಕ್ಕಳ ಜೊತೆ ಕಾರಿನಲ್ಲಿ: ನನ್ನ ಅನುಭವ

ಹೋಗಿ ಬಂದೆವು. ಏಳು ವರ್ಷದ ಮಗಳು, ಮೂರು ದಾಟಿದ ಮಗ, ಯಜಮಾನರು, ನಾನು. ಹೋಗಿ ಬರುವುದು, ಅಲ್ಲಲ್ಲಿ ಸುತ್ತಾಡಿದ್ದು ಎಲ್ಲಾ ಸೇರಿ ಸಾವಿರದ ಐನೂರು ಕಿಲೋಮೀಟರ್ ಹತ್ತಿರ. ಇಡೀ ಪ್ರವಾಸದಲ್ಲಿ ಮಗ ವಾಂತಿ ಮಾಡಿದ್ದು ಒಂದೇ ಸಲ. ಅದೂ ವಾಪಸ್ ಬರುವಾಗ, ಸುಂಟಿಕೊಪ್ಪ ದಾಟಿದ ಮೇಲೆ, ಮನೆ ಇನ್ನೇನು ಬಂತು ಅನ್ನುವಾಗ.

ಇಷ್ಟು ಜಂಬದಿಂದ ಹೇಳುವುದಕ್ಕೆ ಕಾರಣ ಇದೆ. ಹೊರಡುವ ಮೊದಲು ನಮ್ಮ ಮನೆಯಲ್ಲಿ ಒಬ್ಬರಿಗೂ ನಂಬಿಕೆ ಇರಲಿಲ್ಲ. ಮಾವ ಅಂದರು: "ಏನಮ್ಮಾ, ಮೈಸೂರು ಮುಟ್ಟೋದ್ರೊಳಗೆ ನಾಲ್ಕು ಸಲ ಕಾರು ನಿಲ್ಲಿಸ್ತೀರಿ, ವಿಜಯಪುರಕ್ಕೆ ಹೋಗ್ತೀರಾ? ಸುಮ್ನೆ ಮೈಸೂರಲ್ಲಿ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ." ನಮ್ಮ ಕೊಡಗಿಗೆ ರೈಲೇ ಇಲ್ಲವಲ್ಲ. ಮೈಸೂರಿಗೆ ಹೋಗಲು ಹೇಗೂ ನೂರಿಪ್ಪತ್ತು ಕಿಲೋಮೀಟರ್ ಕಾರೇ ಬೇಕು. ಭಾವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬಾಜಿ ಕಟ್ಟಿದರು. "ಹಾಸನದಿಂದ ವಾಪಸ್ ಬರ್ತೀರಿ, ನೋಡ್ತಿರು."

ಅವರ ಮಾತಿನಲ್ಲೂ ಹುರುಳಿತ್ತು ಬಿಡಿ. ನಮ್ಮ ಹಿಂದಿನ ಪ್ರವಾಸಗಳೆಲ್ಲ ಹಾಗೇ ಇದ್ದವು. ಒಮ್ಮೆ ಗೋವಾಕ್ಕೆ ರಾತ್ರಿಯಿಡೀ ಓಡಿಸಿದೆವು, ಮಕ್ಕಳು ಮಲಗಿರುತ್ತಾರಲ್ಲ ಅಂತ. ಮಲಗಿದರು, ನಿಜ. ಬೆಳಗ್ಗೆ ಏಳಕ್ಕೆ ಅವರು ಫ್ರೆಶ್, ನಾವಿಬ್ಬರು ಹೆಣ. ರೂಮ್ ಕೊಡುವುದು ಹನ್ನೆರಡಕ್ಕೆ. ಬೇಗ ಕೊಡಿ ಅಂದಿದ್ದಕ್ಕೆ ಹೆಚ್ಚುಕಡಿಮೆ ಒಂದು ದಿನದ ಬಾಡಿಗೆ ಜಾಸ್ತಿ ಕಿತ್ತುಕೊಂಡರು. ಇನ್ನೊಮ್ಮೆ ಸಂಪಾಜೆ ಘಾಟಿ ಇಳಿದು ಉಡುಪಿಗೆ. ಕೈಗೆ ಮೊಬೈಲ್ ಕೊಟ್ಟರೆ ಸುಮ್ಮನಿರುತ್ತಾರೆ ಅಂತ ಕಾರ್ಟೂನ್ ಹಾಕಿ ಕೊಟ್ಟೆವು. ಆ ತಿರುವುಗಳಲ್ಲಿ ತಲೆ ತಗ್ಗಿಸಿ ಸ್ಕ್ರೀನ್ ನೋಡಿದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಸುಳ್ಯದಲ್ಲಿ ಸೀಟ್ ಕವರ್ ತೊಳೆದೆವು. ಆಮೇಲೆ ಡ್ರೈವರ್ ಸಮೇತ ಟ್ಯಾಕ್ಸಿ ಮಾಡಿಕೊಂಡು ಊಟಿಗೆ ಹೋದೆವು. ಹದಿನಾಲ್ಕು ಸಾವಿರ ಬಿಲ್ಲು. ದಿನಕ್ಕೆ ಆರೇಳು ಸ್ಪಾಟ್ ತೋರಿಸದಿದ್ದರೆ ಡ್ರೈವರಿಗೆ ಸಮಾಧಾನ ಇಲ್ಲ. ಮಕ್ಕಳಿಗೆ ನೆನಪಿರುವುದು ಹೋಟೆಲಿನ ಲಿಫ್ಟ್ ಮಾತ್ರ.

ಈ ಸಲ ನಾನು ರೂಟ್ ಹಾಕಿದ್ದು ಮಗನ ನಿದ್ದೆ ನೋಡಿಕೊಂಡು. ಊರುಗಳ ಪಟ್ಟಿ ಆಮೇಲೆ ಬಂತು. ಕೆಲವು ವಾರ ಕ್ಯಾಲೆಂಡರಿನ ಹಿಂದೆ ಗೀಚುತ್ತಾ ಹೋದೆ: ಎಷ್ಟಕ್ಕೆ ಏಳುತ್ತಾನೆ, ಎಷ್ಟಕ್ಕೆ ಹಸಿವು, ಯಾವಾಗ ರಗಳೆ. ಏಳೂವರೆ ತನಕ ಎತ್ತಿ ಎಲ್ಲಿಗೆ ಹಾಕಿದರೂ ಏಳುವುದಿಲ್ಲ. ಎಂಟಕ್ಕೆ ತಿಂಡಿ ಬೇಕೇ ಬೇಕು. ಮಧ್ಯಾಹ್ನ ಒಂದರಿಂದ ಮೂರರ ತನಕ ಮತ್ತೆ ನಿದ್ದೆ. ಹಾಗಾದರೆ ಕಾರು ಓಡಬೇಕಾದ್ದು ಬೆಳಗಿನ ಜಾವ ನಾಲ್ಕರಿಂದ ಎಂಟು, ಬೇಕಾದರೆ ಊಟದ ನಂತರ ಎರಡು ಗಂಟೆ. ಉಳಿದ ಹೊತ್ತು ಕಾರಿಗೆ ರಜೆ. ಈ ಲೆಕ್ಕಕ್ಕೆ ಕೂರುವ ಊರುಗಳು ಮಾತ್ರ ಲಿಸ್ಟಿನಲ್ಲಿ ಉಳಿದವು. ಕೂರದ ಊರು ಎಷ್ಟೇ ಚೆನ್ನಾಗಿದ್ದರೂ ಬಿಟ್ಟೆ. ಜೋಗವನ್ನೇ ಬಿಟ್ಟೆ.

ಯಾವಾಗ ಹೋಗುವುದು ಅನ್ನುವುದು ನಮ್ಮ ಕಡೆ ದೊಡ್ಡ ತಲೆನೋವು. ಮಳೆಗಾಲದಲ್ಲಿ ಆಗದು. ಡಿಸೆಂಬರ್ ಬಂತೆಂದರೆ ಕಾಫಿ ಕುಯ್ಲು, ಯಜಮಾನರು ತೋಟ ಬಿಟ್ಟು ಅಲ್ಲಾಡುವುದಿಲ್ಲ. ಮಾರ್ಚ್ ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಮಳೆ ಕಾಯುತ್ತಾ ಕೂರಬೇಕು, ಬಯಲುಸೀಮೆಯ ಬಿಸಿಲಂತೂ ಕೇಳುವುದೇ ಬೇಡ. ಉಳಿಯುವುದು ದಸರಾ ರಜೆ. ಆದರೆ ಮಡಿಕೇರಿಯವರು ದಶಮಂಟಪ, ಅಂದರೆ ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ, ಬಿಟ್ಟು ಹೋಗುತ್ತಾರಾ? ವಿಜಯದಶಮಿ ರಾತ್ರಿ ಮಂಟಪ ನೋಡಿದೆವು. ಮಾರನೇ ದಿನ ರಸ್ತೆ ತುಂಬಾ ವಾಪಸ್ ಹೋಗುವ ಗಾಡಿಗಳು, ಅವತ್ತು ಮಲಗಿದೆವು. ಅದರ ಮಾರನೇ ದಿನ ಹೊರಟೆವು. ತುಲಾ ಸಂಕ್ರಮಣಕ್ಕೆ ತಲಕಾವೇರಿಯ ತೀರ್ಥೋದ್ಭವದ ಹೊತ್ತಿಗೆ ಮನೆಯಲ್ಲಿರಬೇಕು ಅಂತ ಮಾವನ ಷರತ್ತು. ದಸರಾ ಬೇಗ ಬಂದಿತ್ತು, ನಡುವೆ ಹತ್ತು ಹನ್ನೆರಡು ದಿನ ಸಿಕ್ಕಿತು.

ನಾಲ್ಕು ಗಂಟೆಗೆ ಹೊರಡುವುದು ಅಂದಾಗ ಎಲ್ಲರ ಬಾಯಲ್ಲೂ ಒಂದೇ ಮಾತು: ಆನೆ. ಸುಂಟಿಕೊಪ್ಪದಿಂದ ಕುಶಾಲನಗರದ ಕಡೆ ಇಳಿಯುವಾಗ ಆನೆಕಾಡು ಸಿಗುತ್ತದೆ. ಹೆಸರೇ ಹೇಳುತ್ತದಲ್ಲ. ಅದರ ಮೇಲೆ ಮಂಜು. ನಾವು ಮಾಡಿದ್ದು ಇಷ್ಟೇ. ಮಡಿಕೇರಿ ಸ್ಟ್ಯಾಂಡಿನಿಂದ ಹೊರಡುವ ಬಸ್ಸಿಗೆ ಕಾದು, ಕುಶಾಲನಗರದ ತನಕ ಅದರ ಹಿಂದೆಯೇ ಹೋದೆವು. ಬಸ್ಸಿನ ಡ್ರೈವರಿಗೆ ಆ ರಸ್ತೆ ಅಂಗೈ ಗೆರೆ. ಓವರ್‌ಟೇಕ್ ಬೇಡ, ಹಾರ್ನ್ ಬೇಡ. ಕುಶಾಲನಗರದಿಂದ ಕೂಡಿಗೆ, ಹೆಬ್ಬಾಲೆ, ಶಿರಂಗಾಲ, ಕೊಣನೂರು, ಅರಕಲಗೂಡು ಮೇಲೆ ಹಾಸನ. ಘಾಟಿ ತಿರುವು ಮುಗಿಯುವ ತನಕ ಇಬ್ಬರೂ ಗಾಢ ನಿದ್ದೆ. ಹಾಸನದಿಂದ ವಾಪಸ್ ಬರ್ತೀರಿ ಅಂದಿದ್ದ ಭಾವನಿಗೆ ಹಾಸನದ ಸರ್ಕಲ್ ಫೋಟೋ ತೆಗೆದು ಕಳಿಸಿದೆ. ಇನ್ನೂ ಏಳು ಗಂಟೆ ಆಗಿರಲಿಲ್ಲ, ಅವರು ಎದ್ದಿರಲಿಲ್ಲ.

ರಾತ್ರಿಯೇ ಮಕ್ಕಳಿಗೆ ಹೊರಡುವ ಬಟ್ಟೆ ಹಾಕಿ ಮಲಗಿಸಿದ್ದೆ. ಎತ್ತಿ ಸೀಟಿಗೆ ಹಾಕಿ ಬೆಲ್ಟ್ ಬಿಗಿಯುವುದಷ್ಟೇ ಕೆಲಸ. ಮಗನಿಗೆ ಮಕ್ಕಳ ಸೀಟ್ ತಂದಿದ್ದೆ, ಸೆಕೆಂಡ್ ಹ್ಯಾಂಡ್, ಮೂರೂವರೆ ಸಾವಿರ. ಹೊಸದಾದರೆ ಎಂಟೊಂಬತ್ತು ಆಗುತ್ತಿತ್ತು. ಅಷ್ಟು ದುಡ್ಡು ಸೀಟಿಗಾ ಅಂತ ಅತ್ತೆಗೆ ಬೇಸರ. 2019ರ ತಿದ್ದುಪಡಿ ಆದ ಮೇಲೆ ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಬೆಲ್ಟೂ ಇಲ್ಲ, ಸೀಟೂ ಇಲ್ಲ ಅಂದರೆ ಸಾವಿರ ರೂಪಾಯಿ ದಂಡ ಅಂತ ಹೇಳಿ ಬಾಯಿ ಮುಚ್ಚಿಸಿದೆ. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದು ಇನ್ನೊಂದು ಲಾಭ. ಆ ಸೀಟ್ ಎತ್ತರ. ಮಗುವಿಗೆ ಮುಂದಿನ ಗಾಜಿನಲ್ಲಿ ರಸ್ತೆ ಕಾಣುತ್ತದೆ. ರಸ್ತೆ ಕಂಡರೆ ಹೊಟ್ಟೆ ತೊಳಸುವುದು ಅರ್ಧ ಕಮ್ಮಿ.

ವಾಂತಿ ವಿಷಯಕ್ಕೆ ಬಂದೆ, ಮುಗಿಸಿಬಿಡುತ್ತೇನೆ. ಪ್ಲಾಸ್ಟಿಕ್ ಕವರ್ ನಂಬಬೇಡಿ, ತಳ ತೂತಿರುತ್ತದೆ. ಒಂದು ಲೀಟರ್ ಐಸ್‌ಕ್ರೀಮ್ ಡಬ್ಬ, ಗಟ್ಟಿ ಮುಚ್ಚಳದ್ದು, ಒಳಗೆ ಹರಿದ ನ್ಯೂಸ್ ಪೇಪರ್. ಮುಚ್ಚಳ ಹಾಕಿದರೆ ವಾಸನೆಯೂ ಇಲ್ಲ. ಹೊರಡುವ ಮುಂಚೆ ಹಾಲು ಕೊಡಬಾರದು. ಡಾಕ್ಟರ್ ಹೇಳಿದ ಮಾತ್ರೆಯನ್ನು ಮನೆಯಲ್ಲಿದ್ದಾಗ ಒಮ್ಮೆ ಕೊಟ್ಟು ನೋಡಿದ್ದೆ. ಹಗಲೆಲ್ಲ ತೂಕಡಿಸಿ ರಾತ್ರಿ ಹನ್ನೊಂದರ ತನಕ ಕುಣಿದ. ಅವರನ್ನೇ ಕೇಳಿ ಮಾತ್ರೆ ಕೈಬಿಟ್ಟೆ. ತಿನ್ನಲು ಕಡಂಬುಟ್ಟು ಮಾಡಿಕೊಂಡು ಹೋಗಿದ್ದೆ. ಅಕ್ಕಿ ತರಿಯ ಉಂಡೆ, ಎಣ್ಣೆ ಇಲ್ಲ, ಸೋರುವುದಿಲ್ಲ, ಪುಡಿಯಾಗುವುದಿಲ್ಲ, ಸೀಟಿನ ಮೇಲೆ ಬಿದ್ದರೂ ಎತ್ತಿ ಕೊಟ್ಟರಾಯಿತು. ಅಕ್ಕಿ ರೊಟ್ಟಿ ಎರಡು ಗಂಟೆಯಲ್ಲಿ ಗಟ್ಟಿಯಾಗಿ ಕೂತಿತು, ಅದನ್ನು ನಾವು ತಿಂದೆವು.

ಮೊದಲ ದಿನವೇ ಕಷ್ಟದ ದಿನ. ಅರಸೀಕೆರೆಯಿಂದ ಹೊಸದುರ್ಗದ ಮೇಲೆ ಚಿತ್ರದುರ್ಗಕ್ಕೆ ನೂರಕ್ಕೂ ಚಿಲ್ಲರೆ ಕಿಲೋಮೀಟರ್, ಮಕ್ಕಳು ಎಚ್ಚರವಿರುವಾಗಲೇ ಹೋಗಬೇಕು. ಬೇರೆ ದಾರಿ ಇರಲಿಲ್ಲ. ಇದಕ್ಕೆ ನನ್ನ ಅಸ್ತ್ರ ಅತ್ತೆಯ ದನಿ. ಹೊರಡುವ ಹಿಂದಿನ ವಾರ ರಾತ್ರಿ ಹೊತ್ತು ಅವರು ಕತೆ ಹೇಳುವಾಗೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೆ. ನಡುವೆ ಅವರು ಕೆಮ್ಮುವುದು, "ಮಲ್ಕೋ ಈಗ" ಅಂತ ಗದರುವುದು, ನಾಯಿ ಬೊಗಳುವುದು ಎಲ್ಲಾ ಇದೆ. ಮಗ ಹುಲಿ ಕತೆಯನ್ನೇ ಮತ್ತೆ ಮತ್ತೆ ಹಾಕಿಸಿದ. ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿದ್ದ ಮಕ್ಕಳ ಕತೆಗಳನ್ನು ಇಬ್ಬರೂ ಐದು ನಿಮಿಷ ಕೇಳಲಿಲ್ಲ, ಮುನ್ನೂರು ರೂಪಾಯಿ ದಂಡ. ದುರ್ಗ ಹತ್ತಿರ ಬಂದಂತೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಂಡವು. ಆಮೇಲೆ ಕತೆಯೂ ಬೇಡ, ಫ್ಯಾನ್ ಎಣಿಸುವುದೇ ಕೆಲಸ.

ಚಿತ್ರದುರ್ಗದ ಕೋಟೆಗೆ ನಾಲ್ಕು ಗಂಟೆ ಮೇಲೆ ಹೋಗಿ, ಬಂಡೆ ಆರಿರುತ್ತದೆ. ಏಳು ಸುತ್ತೂ ನೋಡುತ್ತೇವೆ ಅಂತ ಹಟ ಬೇಡ. ನಾವು ಓಬವ್ವನ ಕಿಂಡಿಯಲ್ಲೇ ಮುಕ್ಕಾಲು ಗಂಟೆ ಇದ್ದೆವು. ಆ ಕಡೆಯಿಂದ ಮಗ ನುಸುಳಿ ಬರುವುದು, ಈ ಕಡೆ ಮಗಳು ನೀರಿನ ಬಾಟಲಿಯನ್ನೇ ಒನಕೆ ಮಾಡಿಕೊಂಡು ನಿಲ್ಲುವುದು. ಇದಕ್ಕಿಂತ ಇನ್ನೇನು ಬೇಕು?

ದುರ್ಗದಿಂದ ಹೊಸಪೇಟೆಗೆ ನೂರ ಮೂವತ್ತೈದು ಕಿಲೋಮೀಟರ್ ಇರಬೇಕು, ನಾಲ್ಕು ಪಥದ ರಸ್ತೆ, ಮಕ್ಕಳು ಕಣ್ಣು ಬಿಡುವಷ್ಟರಲ್ಲಿ ಮುಗಿಯಿತು. ಹಂಪಿಯಲ್ಲಿ ಎರಡು ರಾತ್ರಿ. ಬೆಳಗ್ಗೆ ಆರೂವರೆಯಿಂದ ಒಂಬತ್ತೂವರೆ, ಸಂಜೆ ನಾಲ್ಕರ ನಂತರ. ನಡುವೆ ರೂಮಿನಲ್ಲಿ ಸ್ನಾನ, ನಿದ್ದೆ. ಹದಿನೈದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ದೊಡ್ಡವರು ವಿಠ್ಠಲ ದೇವಸ್ಥಾನಕ್ಕೆ ತೆಗೆದ ಟಿಕೆಟ್ ಅದೇ ದಿನ ಕಮಲ ಮಹಲಿನ ಆವರಣಕ್ಕೂ ನಡೆಯುತ್ತದೆ, ಬಿಸಾಡಬೇಡಿ. ಕಲ್ಲಿನ ರಥಕ್ಕಿಂತ ಅಲ್ಲಿಗೆ ಹೋಗುವ ಬ್ಯಾಟರಿ ಗಾಡಿಯೇ ಮಗನಿಗೆ ಇಷ್ಟವಾಯಿತು. ಗಜಶಾಲೆ ನೋಡಿ "ಆನೆ ಎಲ್ಲಿ?" ಅಂದ. ನಮ್ಮೂರಲ್ಲಿದೆ ಮಗಾ, ಅಂದೆ. ವಾಪಸ್ ಬರುವಾಗ ಶಿವಮೊಗ್ಗದಲ್ಲಿ ಒಬ್ಬರು ಸಕ್ರೆಬೈಲಿಗೆ ಹೋಗಿ ಅಂತ ಬಹಳ ಹೇಳಿದರು. ದುಬಾರೆ ಪಕ್ಕದಲ್ಲಿಟ್ಟುಕೊಂಡು, ತೋಟಕ್ಕೇ ಆನೆ ಬರುವ ಊರಿನವರು ಆನೆ ನೋಡಲು ಶಿವಮೊಗ್ಗದಲ್ಲಿ ಇಳಿಯಬೇಕಾ?

ಹೊಸಪೇಟೆಯಿಂದ ಕುಷ್ಟಗಿ, ಇಳಕಲ್ಲು, ಹುನಗುಂದ. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಐಹೊಳೆ, ಪಟ್ಟದಕಲ್ಲಿನ ಮೇಲೆ ಬಾದಾಮಿ. ಪಟ್ಟದಕಲ್ಲಿನ ಹುಲ್ಲಿನ ಮೇಲೆ ಮಕ್ಕಳು ಓಡಿದ್ದೇ ಓಡಿದ್ದು. ಬಾದಾಮಿ ಗುಹೆಗಳ ಹತ್ತಿರ ಕೋತಿ ಜಾಸ್ತಿ, ಬಿಸ್ಕತ್ ಪೊಟ್ಟಣದ ಸದ್ದು ಕೇಳಿದರೂ ಬರುತ್ತವೆ. ಮೂರನೇ ಗುಹೆಯಲ್ಲಿ 578ರ ಮಂಗಳೇಶನ ಶಾಸನ ಇದೆ ಅಂತ ಯಜಮಾನರು ಮಗಳಿಗೆ ವಿವರಿಸುತ್ತಿದ್ದರು. ಅಷ್ಟರಲ್ಲಿ ಅವಳ ಟೋಪಿ ಹೋಯಿತು.

ಬಾಗಲಕೋಟೆ ದಾಟಿ ಕೊರ್ತಿ-ಕೊಲ್ಹಾರ ಸೇತುವೆ ಮೇಲೆ ಕೃಷ್ಣೆಯನ್ನು ದಾಟುವಾಗ ಮಕ್ಕಳನ್ನು ಬೇಕೆಂದೇ ಎಬ್ಬಿಸಿದೆ. ಸುಮಾರು ಮೂರು ಕಿಲೋಮೀಟರ್ ಸೇತುವೆ. ಕಾವೇರಿಯನ್ನು ತಲಕಾವೇರಿಯ ಕುಂಡಿಕೆಯಲ್ಲಿ ನೋಡಿದ ಮಕ್ಕಳಿಗೆ ನದಿ ಅಂದರೆ ಇಷ್ಟಗಲವೂ ಇರುತ್ತದೆ ಅಂತ ಗೊತ್ತಾಗಲಿ ಅಂತ. ಮಗಳು ಸಮುದ್ರ ಅಂದಳು.

ಗೋಲ್‌ಗುಂಬಜಿಗೆ ಬೆಳಗ್ಗೆ ಬಾಗಿಲು ತೆರೆಯುವಾಗಲೇ ಹೋಗಬೇಕು. ಶಾಲೆ ಮಕ್ಕಳ ಬಸ್ಸುಗಳು ಬಂದ ಮೇಲೆ ಮೇಲೆ ಬರೀ ಗದ್ದಲ, ಪಿಸುಮಾತು ಎಲ್ಲಿಂದ ಕೇಳಬೇಕು? ಮೂಲೆಯ ಗೋಪುರದೊಳಗೆ ಏಳು ಅಂತಸ್ತು ಹತ್ತಬೇಕು, ಮೆಟ್ಟಿಲು ಕಡಿದು, ಕಿರಿದು. ಮಗ ಅರ್ಧ ಹತ್ತಿದ, ಉಳಿದರ್ಧ ಅಪ್ಪನ ಹೆಗಲು. ಮೇಲೆ ಹೋಗಿ ಅವನು ಕೂಗಿದ್ದು "ಅಜ್ಜಾ!" ಅಂತ. ಅದು ಗುಮ್ಮಟ ಸುತ್ತಿ ಸುತ್ತಿ ಬಂತು. ರೆಕಾರ್ಡ್ ಮಾಡಿ ಮಾವನಿಗೆ ಕಳಿಸಿದೆ. ಅರ್ಧ ಗಂಟೆ ಬಿಟ್ಟು ಫೋನ್ ಬಂತು. "ಕೇಳಿದೆ. ಪೆಟ್ರೋಲಿಗೆ ಎಷ್ಟಾಯ್ತು?"

ಎಷ್ಟಾಯಿತು ಅಂದರೆ: ಪೆಟ್ರೋಲ್ ಒಂಬತ್ತೂವರೆ ಸಾವಿರದ ಆಸುಪಾಸು, ನಮ್ಮ ಕಾರು ಹದಿನಾರು ಕೊಡುತ್ತದೆ. ಟೋಲ್ ಸಾವಿರದ ಚಿಲ್ಲರೆ. ರೂಮ್ ಇಪ್ಪತ್ತರ ಹತ್ತಿರ. ಊಟ, ತಿಂಡಿ, ಎಳನೀರು ಹನ್ನೊಂದೋ ಹನ್ನೆರಡೋ. ಒಟ್ಟು ನಲವತ್ತೈದು ಸಾವಿರ ದಾಟಲಿಲ್ಲ. ಊಟಿಯ ಮೂರು ನಾಲ್ಕು ದಿನಕ್ಕೆ ಟ್ಯಾಕ್ಸಿ, ರೆಸಾರ್ಟ್ ಸೇರಿ ನಾವು ಸುರಿದದ್ದು ಹೆಚ್ಚುಕಡಿಮೆ ಇಷ್ಟೇ. ರೂಮಿನಲ್ಲಿ ಉಳಿಸಿದ್ದು ಹೇಗೆ ಅಂದರೆ, ಸ್ವಿಮ್ಮಿಂಗ್ ಪೂಲ್ ನೋಡಲೇ ಇಲ್ಲ, ಕಾಂಪೌಂಡ್ ನೋಡಿದೆ. ಓಡಲು ಜಾಗ ಇರಬೇಕು, ಗೇಟ್ ಮುಚ್ಚಿರಬೇಕು. ಈ ವಿಷಯದಲ್ಲಿ ಸರ್ಕಾರದ ಮಯೂರ ಹೋಟೆಲ್‌ಗಳನ್ನು ಮೊದಲು ವಿಚಾರಿಸಿ.

ಬಟ್ಟೆಯನ್ನು ಒಬ್ಬೊಬ್ಬರಿಗೊಂದು ಬ್ಯಾಗ್ ಅಂತ ತುಂಬಬೇಡಿ. ಒಂದೊಂದು ಊರಿಗೆ ಒಂದು ಬ್ಯಾಗ್, ನಾಲ್ವರದ್ದೂ ಅದರಲ್ಲೇ. ಡಿಕ್ಕಿಯಿಂದ ದಿನಾ ಒಂದೇ ಇಳಿಯುತ್ತದೆ. ಸಣ್ಣ ಗ್ಯಾಸ್ ಸ್ಟೋವ್ ಒಯ್ದು ರಸ್ತೆ ಬದಿ ಗಂಜಿ ಕಾಯಿಸುವ ಪ್ರಯೋಗವೂ ಆಯಿತು. ಬಯಲುಸೀಮೆಯ ಗಾಳಿಗೆ ಒಲೆ ಉರಿಯಲಿಲ್ಲ, ವಾಪಸ್ ಬರುವ ತನಕ ಡಿಕ್ಕಿಯಲ್ಲಿ ಭಾರ. ಫ್ಲಾಸ್ಕಿನಲ್ಲಿ ನಮ್ಮ ತೋಟದ ರೊಬಸ್ಟಾ ಡಿಕಾಕ್ಷನ್ ಮಾತ್ರ ಚೆನ್ನಾಗಿ ಕೆಲಸಕ್ಕೆ ಬಂತು, ಎಲ್ಲಿ ಬೇಕೆಂದರಲ್ಲಿ ಬಿಸಿ ಹಾಲು ಕೇಳಿ ಬೆರೆಸಿದರಾಯಿತು.

ಪ್ರತಿ ದಿನ ಕೊನೆಯ ಅರ್ಧ ಗಂಟೆಗೆ ಅಂತ ಮಕ್ಕಳಿಗೆ ಒಂದು ಆಟ ಇಟ್ಟಿದ್ದೆ. ಅದನ್ನು ಹೇಳುವುದಿಲ್ಲ, ಮುಂದಿನ ಸಲಕ್ಕೂ ನನಗೆ ಬೇಕು. ಅರಸೀಕೆರೆ ಹತ್ತಿರ ತಿಂಡಿಗೆ ನಿಲ್ಲಿಸಿದ ಮರದಡಿ ಜಾಗವೂ ಅಷ್ಟೇ. ಗೊತ್ತಾದರೆ ಎಲ್ಲರೂ ಪ್ಲೇಟ್ ಬಿಸಾಡಿ ಹೋಗುತ್ತಾರೆ.

ಬಾಜಿ ಕಟ್ಟಿದ ಭಾವ ಈಗ ರೂಟ್ ಬರೆದುಕೊಡು ಅಂತ ಹಿಂದೆ ಬಿದ್ದಿದ್ದಾರೆ. ಅವರ ಚಿಕ್ಕವಳಿಗೆ ಇನ್ನೂ ಒಂದೂವರೆ ವರ್ಷ, ನಿದ್ದೆಯ ಲೆಕ್ಕ ಬೇರೆ. ನನ್ನ ರೂಟ್ ಅವರಿಗೆ ಆಗುವುದಿಲ್ಲ. ಮೊದಲು ಎರಡು ವಾರ ಕ್ಯಾಲೆಂಡರ್ ಹಿಂದೆ ಬರೆಯಿರಿ, ಆಮೇಲೆ ಒಂದು ಶನಿವಾರ ರಾಮನಾಥಪುರಕ್ಕೆ ಹೋಗಿ ಹೊಳೆಯ ಮೀನು ತೋರಿಸಿ, ಹಾಸನದಲ್ಲಿ ಒಂದು ರಾತ್ರಿ ಉಳಿದು ಬನ್ನಿ ಅಂದಿದ್ದೇನೆ. ಹಾಸನದಿಂದ ವಾಪಸ್ ಬರುವ ಪ್ರವಾಸ ಅವರೇ ಮೊದಲು ಮಾಡಲಿ.