ಮೂಳೆ ವಾರ್ಡಿನಿಂದ ಕರೆ ಬಂದಾಗ

ಮೂಳೆ ವಾರ್ಡಿನಿಂದ ಮನೋರೋಗ ವಿಭಾಗದ ನರ್ಸ್‌ಗಳಾದ ನಮಗೆ ಕರೆ ಬರುವುದು ಹೆಚ್ಚಾಗಿ ಮೂರನೇ ರಾತ್ರಿ. ತೊಡೆಮೂಳೆ ಮುರಿದವರು ಡ್ರಿಪ್ ಕಿತ್ತು, ಹಾಸಿಗೆ ಮೇಲೆ ಹುಳ ಹರಿದಾಡುತ್ತಿದೆ ಅನ್ನುತ್ತಿರುತ್ತಾರೆ. ಇದು ಹೆಚ್ಚಾಗಿ ಕುಡಿತ ಒಮ್ಮೆಲೇ ನಿಂತದ್ದರ ಪರಿಣಾಮ. ಇದನ್ನು ಹುಚ್ಚು ಅಂದುಕೊಂಡರೆ ಜೀವಕ್ಕೇ ಕುತ್ತು. ದಿನವೂ ಕುಡಿಯುವವರಿಗೆ ಕುಡಿತ ನಿಂತ 6ರಿಂದ 24 ಗಂಟೆಯೊಳಗೆ ನಡುಕ, ಬೆವರು. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಡೆಲಿರಿಯಂ, ಅಂದರೆ ಬುದ್ಧಿ ಗೊಂದಲವಾಗಿ ಇಲ್ಲದ್ದು ಕಾಣುವ ಸ್ಥಿತಿ, ಬಂದರೆ ಸಾಮಾನ್ಯವಾಗಿ 48ರಿಂದ 96 ಗಂಟೆಯ ನಡುವೆ.

ಅದಕ್ಕೇ ಅಡ್ಮಿಟ್ ಆದ ದಿನವೇ ವಿಚಾರಿಸುತ್ತೇನೆ. "ಕುಡೀತೀರಾ?" ಅಂದರೆ "ಇಲ್ಲ ಸಿಸ್ಟರ್" ಅಂತಲೇ ಉತ್ತರ. "ದಿನಕ್ಕೆ ಎಷ್ಟು ಕ್ವಾರ್ಟರ್ ಆಗುತ್ತೆ, ಕೊನೇದು ಯಾವಾಗ?" ಅಂದರೆ ಲೆಕ್ಕ ಸಿಗುತ್ತದೆ. ಮನೆಯವರನ್ನು ಹೊರಗೆ ಕರೆದು ಇನ್ನೊಮ್ಮೆ ಕೇಳಿ, ಆ ಗಂಟೆಯನ್ನು ಕೇಸ್ ಶೀಟಿನ ಮೊದಲ ಪುಟದಲ್ಲೇ ಬರೆಯುತ್ತೇನೆ.

ನಡುಕ ನೋಡಲು ಕೈ ಚಾಚಿ ಬೆರಳು ಅಗಲಿಸಲು ಹೇಳಬೇಕು. ಕಣ್ಣಿಗೆ ಕಾಣದ ನಡುಕವೂ ಅವರ ಬೆರಳ ತುದಿಗೆ ನಮ್ಮ ಬೆರಳ ತುದಿ ತಾಗಿಸಿದರೆ ತಿಳಿಯುತ್ತದೆ. ಕುಡಿತ ನಿಂತಾಗಿನ ತೊಂದರೆ ಎಷ್ಟು ತೀವ್ರ ಎಂದು ಅಳೆಯುವ ಸಿವಾ (CIWA-Ar) ಪಟ್ಟಿಯಲ್ಲಿ 10 ಅಂಶ, ಒಟ್ಟು 67 ಅಂಕ. ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗೆ ರೋಗಿಯೇ ಉತ್ತರಿಸಬೇಕು. ಡೆಲಿರಿಯಂ ಬಂದ ಮೇಲೆ ಆ ಅಂಕ ನಂಬಬಾರದು. ನಾಡಿ, ಬಿಪಿ, ಜ್ವರ ಆ ಅಂಕಕ್ಕೆ ಸೇರುವುದೇ ಇಲ್ಲ, ಬೇರೆಯಾಗಿ ಬರೆಯಬೇಕು.

ಗ್ಲೂಕೋಸ್ ಡ್ರಿಪ್ ಹಾಕುವ ಮೊದಲು ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಹೋಗಿದೆಯೇ ನೋಡುತ್ತೇನೆ. ಬಿ1 ಬರಿದಾದ ಮೆದುಳಿಗೆ ಬರೀ ಗ್ಲೂಕೋಸ್ ಸುರಿದರೆ ಬಿ1 ಕೊರತೆಯಿಂದ ಮೆದುಳಿಗೆ ಬರುವ ವರ್ನಿಕೆ ಕಾಯಿಲೆ ಕೆರಳಬಹುದು. ನೆನಪು ಕಾಯಂ ಆಗಿ ಹೋಗುವ ಅಪಾಯವೂ ಇದೆ. ಶುಗರ್ ತೀರಾ ಇಳಿದಿದ್ದರೆ ಮಾತ್ರ ಕಾಯದೆ ಎರಡನ್ನೂ ಒಟ್ಟಿಗೆ ಕೊಡುವುದು.

ಎಲ್ಲವನ್ನೂ ಕುಡಿತದ ತಲೆಗೆ ಕಟ್ಟುವುದೂ ತಪ್ಪು. ಬೈಕಿನಿಂದ ಬಿದ್ದವರ ತಲೆಯೊಳಗೆ ರಕ್ತ ಹೆಪ್ಪುಗಟ್ಟಿರಬಹುದು. ಕಣ್ಣಿನ ಪಾಪೆ ಎರಡೂ ಸಮವೇ, ಆಕ್ಸಿಜನ್ ಎಷ್ಟು, ಮೂತ್ರದ ನಳಿಕೆ ಕಟ್ಟಿಕೊಂಡಿದೆಯೇ, ನೋವಿನ ಮದ್ದು ತಪ್ಪಿದೆಯೇ, ಇವನ್ನು ನೋಡದೆ ಮತ್ತಿನ ಮದ್ದು ಕೇಳುವುದಿಲ್ಲ.

ಕೈಕಾಲು ಬ್ಯಾಂಡೇಜಿನಲ್ಲಿ ಕಟ್ಟಿಹಾಕುವ ರೂಢಿ ನನಗೆ ನೋವು ತರುತ್ತದೆ. ಕಟ್ಟಿದಷ್ಟೂ ಸೆಣಸುತ್ತಾರೆ, ಮೈ ಕಾವೇರುತ್ತದೆ, ಮೂಳೆ ಜರುಗುತ್ತದೆ. ನರ್ಸ್ ಮೇಜಿನ ಹತ್ತಿರದ ಬೆಡ್, ಸಣ್ಣ ದೀಪ, ಕನ್ನಡಕ, ಪಕ್ಕದಲ್ಲಿ ಮನೆಯವರೊಬ್ಬರ ಪರಿಚಿತ ದನಿ, ಇಷ್ಟರಿಂದ ಎಷ್ಟೋ ಸಮಾಧಾನವಾಗುತ್ತಾರೆ.

ಮತ್ತಿನ ಮದ್ದಾದ ಲೊರಾಜೆಪಾಮ್ ಕೊಟ್ಟ ಮೇಲೆ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ. 12ಕ್ಕಿಂತ ಇಳಿದರೆ, ಇಲ್ಲವೇ ಕರೆದರೂ ಕಣ್ಣು ಬಿಡದಿದ್ದರೆ, ಮುಂದಿನ ಡೋಸ್ ತಡೆದು ಆಗಲೇ ಡಾಕ್ಟರನ್ನು ಕರೆಸಬೇಕು.