ಬ್ರಿಮ್ ಕೂತರೆ ಟೋಪಿ ಕೂತ ಹಾಗೆ

ಮೈಸೂರಿನ ಒಂಟಿಕೊಪ್ಪಲಿನಲ್ಲಿ 22 ವರ್ಷದಿಂದ ಬ್ಲೌಸ್, ಚೂಡಿದಾರ್ ಹೊಲಿಯುತ್ತಿದ್ದೇನೆ. ಗಂಡಸರ ಬಟ್ಟೆಗೆ ಕೈ ಹಾಕಿದವಳಲ್ಲ. ಟೋಪಿಯಂತೂ ಕನಸಿನಲ್ಲೂ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರು ಒಂದು ಹಳೆಯ ಫ್ಲಾಟ್ ಕ್ಯಾಪ್ ತಂದು ಮೆಷಿನ್ ಮೇಲೆ ಇಟ್ಟರು. ಮೇಲ್ಭಾಗ ಚಪ್ಪಟೆ, ಮುಂದೆ ಹಣೆಯ ಮೇಲೆ ಬರುವ ಗಟ್ಟಿ ಅಂಚು, ಅದೇ ಬ್ರಿಮ್. ಅವರ ತಂದೆ ಹಾಕಿಕೊಳ್ಳುತ್ತಿದ್ದದ್ದು.

"ಮುಂದಿನದು ಮುರಿದುಹೋಗಿದೆ ಕಣಮ್ಮ. ಮೂರು ಅಂಗಡಿ ಸುತ್ತಿದೆ, ಯಾರೂ ಮುಟ್ಟಲಿಲ್ಲ. ನೀನಾದ್ರೂ ನೋಡ್ತೀಯಾ?"

"ಬಿಚ್ಚಿ ನೋಡ್ತೀನಿ ಮೇಷ್ಟ್ರೇ. ಆಗಲ್ಲ ಅಂದ್ರೆ ಇದ್ದ ಹಾಗೇ ಹೊಲಿದು ಕೊಡ್ತೀನಿ" ಅಂದೆ.

ಬೂದು ಬಣ್ಣದ ಉಣ್ಣೆ ಬಟ್ಟೆ. ಮೀನಿನ ಮುಳ್ಳಿನ ಹಾಗೆ ಗೆರೆ. ಒಳಗಿನ ಚೀಟಿಯಲ್ಲಿ 7 ಎಂದು ಇತ್ತು. ಹಳೆಯ ಬ್ರಿಟಿಷ್ ಅಳತೆಯಲ್ಲಿ 7 ಅಂದರೆ 57 ಸೆಂಟಿಮೀಟರ್ ಸುತ್ತಳತೆಯ ತಲೆ, ನಮ್ಮ ಟೇಪಿನಲ್ಲಿ ಇಪ್ಪತ್ತೆರಡೂವರೆ ಇಂಚು. ಬ್ಲೇಡಿನಿಂದ ಬ್ರಿಮ್ಮಿನ ಹೊಲಿಗೆ ಬಿಡಿಸಿದೆ. ಒಳಗೆ ಇದ್ದದ್ದು ಬರೀ ರಟ್ಟು. ಯಾವ ಕಾಲದ ಬೆವರೋ, ಮಳೆಯೋ, ಚಿರೋಟಿಯ ಹಾಗೆ ಪದರ ಪದರವಾಗಿ ಬಿಟ್ಟುಕೊಂಡಿತ್ತು. ಹಳೆಯ ಫ್ಲಾಟ್ ಕ್ಯಾಪನ್ನು ನೀರಿಗೆ ಹಾಕಬಾರದು ಅನ್ನುವುದು ಇದಕ್ಕೇ. ಬಟ್ಟೆ ತಡೆದರೂ ರಟ್ಟು ತಡೆಯುವುದಿಲ್ಲ. ಆ ತುಂಡುಗಳನ್ನು ಕಾಗದದ ಮೇಲೆ ಜೋಡಿಸಿಟ್ಟು ಪೆನ್ಸಿಲ್ಲಿನಲ್ಲಿ ಸುತ್ತ ಗೆರೆ ಎಳೆದುಕೊಂಡೆ. ನನ್ನ ಮೊದಲ ಪ್ಯಾಟರ್ನ್ ಅದೇ.

ರಟ್ಟಿನ ಜಾಗಕ್ಕೆ ಏನು ಹಾಕುವುದು? ಮೊದಲು ಸೀರೆ ಬಾಕ್ಸಿನ ರಟ್ಟು ಹಾಕಿ ನೋಡಿದೆ. ಎರಡು ಸಲ ಕೈಯಲ್ಲಿ ಬಾಗಿಸಿದ ಕೂಡಲೇ ಗೆರೆ ಬಿತ್ತು. ಕಾಲರಿಗೆ ಹಾಕುವ ಗಟ್ಟಿ ಬಟ್ಟೆ ಬಕ್ರಂ ಎರಡು ಪದರ ಅಂಟಿಸಿದೆ, ಒಂದೇ ವಾರದಲ್ಲಿ ಸೊರಗಿ ಜೋತುಬಿತ್ತು. ಶಿವರಾಂಪೇಟೆಯ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಕ್ರಿಕೆಟ್ ಕ್ಯಾಪಿಗೆ ಹಾಕುವ ರೆಡಿಮೇಡ್ ಬ್ರಿಮ್ ಸಿಕ್ಕಿತು. ಗಟ್ಟಿ ಏನೋ ಇದೆ, ಆದರೆ ತುಂಬಾ ಉದ್ದ. ಕತ್ತರಿಸಿ ಚಿಕ್ಕದು ಮಾಡಿದರೂ ಆಟದ ಮೈದಾನದ ಗುರುತು ಹೋಗಲಿಲ್ಲ. ಕೊನೆಗೆ ಕೈಗೆ ಸಿಕ್ಕಿದ್ದು ಅಡುಗೆಮನೆಯ 5 ಲೀಟರ್ ಎಣ್ಣೆ ಕ್ಯಾನ್. ಅದರ ಅಗಲದ ಪಕ್ಕ ಕತ್ತರಿಯಲ್ಲೇ ಕತ್ತರಿಸಲು ಬರುತ್ತದೆ, ಬಾಗಿಸಿದರೆ ಮುರಿಯುವುದಿಲ್ಲ, ನೀರಿಗೂ ಜಗ್ಗುವುದಿಲ್ಲ. ಒಂದು ಕ್ಯಾನಿಗೆ ಎರಡು ಬ್ರಿಮ್ ಆರಾಮಾಗಿ ಬರುತ್ತವೆ. ಬಿಸಿನೀರು, ಸೋಪಿನ ಪುಡಿ ಹಾಕಿ ಮೂರು ಸಲ ತೊಳೆಯಲೇಬೇಕು, ಇಲ್ಲದಿದ್ದರೆ ಉಳಿದ ಜಿಡ್ಡು ಬಟ್ಟೆಗೆ ಹತ್ತುತ್ತದೆ. ಕತ್ತರಿಸಿದ ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ನುಣುಪು ಮಾಡಬೇಕು. ಬೆರಳಿಗೆ ತಾಗುವ ಅಂಚು ಆರು ತಿಂಗಳಲ್ಲಿ ಬಟ್ಟೆಯನ್ನು ಕೊಯ್ಯುತ್ತದೆ.

ಮೇಷ್ಟ್ರ ಟೋಪಿ ಹಳೆಯ ಗೆರೆಯ ಮೇಲೇ ಹೊಲಿದದ್ದರಿಂದ ಸರಿಹೋಯಿತು. ತೊಂದರೆ ಶುರುವಾದದ್ದು ನಾನೇ ಹೊಸ ಟೋಪಿ ಮಾಡಲು ಕೂತಾಗ. ಒಂದು ನಾಟಕದ ತಂಡದವರು ಆರು ಟೋಪಿ ಕೇಳಿದ್ದರು. ತಲೆಯ ಮುಂಭಾಗ ಹೇಗೆ ದುಂಡಗಿದೆಯೋ ಹಾಗೇ ಬ್ರಿಮ್ಮಿನ ಒಳ ಅಂಚನ್ನೂ ದುಂಡಗೆ ಕತ್ತರಿಸಿದೆ. ಅಳತೆಗೆ ಅಳತೆ ಕೂತಿತು. ತಲೆಗೆ ಹಾಕಿದರೆ ಬ್ರಿಮ್ ತಟ್ಟೆ ಹಿಡಿದ ಹಾಗೆ ನೇರ ಮುಂದಕ್ಕೆ ಚಾಚಿಕೊಂಡಿತು. ಹಣೆಯ ಮೇಲೆ ನೆರಳಿಲ್ಲ, ಮುಖಕ್ಕೆ ಕಳೆಯಿಲ್ಲ. ಆರೂ ಹಾಗೇ ಆದವು. ಎರಡು ರಾತ್ರಿ ನಿದ್ದೆ ಬರಲಿಲ್ಲ.

ಉತ್ತರ ಸಿಕ್ಕಿದ್ದು ಮಕ್ಕಳ ಲಂಗ ಕತ್ತರಿಸುವಾಗ. ಅಂಬ್ರೆಲ್ಲಾ ಲಂಗ ಹೊಲಿದವರಿಗೆಲ್ಲ ಇದು ಗೊತ್ತಿರುವ ವಿಷಯವೇ. ಪೂರ್ತಿ ದುಂಡಗೆ ಕತ್ತರಿಸಿದ ಲಂಗ ಮಗು ಗಿರ್ರನೆ ತಿರುಗಿದರೆ ತಟ್ಟೆಯ ಹಾಗೆ ಅಗಲವಾಗಿ ನಿಲ್ಲುತ್ತದೆ. ನೇರ ಪಟ್ಟಿ ಕತ್ತರಿಸಿ ಸೊಂಟಕ್ಕೆ ಹೊಲಿದರೆ ನೆಟ್ಟಗೆ ಕೆಳಗೆ ಇಳಿಯುತ್ತದೆ. ಅರ್ಧ ದುಂಡಿನದು ಇವೆರಡರ ಮಧ್ಯೆ, ಇಳಿಜಾರು. ಬ್ರಿಮ್ಮಿಗೂ ಇದೇ ಲೆಕ್ಕ ಅಲ್ವಾ! ಒಳ ಅಂಚಿನ ಬಾಗು ತಲೆಯ ಬಾಗಿನಷ್ಟೇ ಇದ್ದರೆ ಚಾಚಿಕೊಳ್ಳುತ್ತದೆ. ಬಾಗು ಕಡಿಮೆ ಮಾಡಿದಷ್ಟೂ ಬ್ರಿಮ್ ಕೆಳಗೆ ಬಗ್ಗುತ್ತದೆ, ಜೊತೆಗೆ ತಾನೇ ಕಮಾನಿನ ಹಾಗೆ ಬಳಸಿಕೊಳ್ಳುತ್ತದೆ.

ಅಳತೆಯಲ್ಲಿ ಹೇಳುತ್ತೇನೆ. ಇಪ್ಪತ್ತೆರಡೂವರೆ ಇಂಚಿನ ತಲೆಗೆ ಬ್ರಿಮ್ಮಿನ ಒಳ ಅಂಚು, ಬಾಗಿನ ಉದ್ದಕ್ಕೂ ಟೇಪು ಹಿಡಿದರೆ, 8 ಇಂಚು. ನಾನು ಮೊದಲು ಕತ್ತರಿಸಿದ್ದರಲ್ಲಿ ತುದಿಯಿಂದ ತುದಿಗೆ ನೇರ ಅಳತೆ 6 ಇಂಚು, ಆ ನೇರ ಗೆರೆಯಿಂದ ಬಾಗಿನ ಮಧ್ಯದ ಆಳ ಎರಡೂಕಾಲು. ಈಗ ಕತ್ತರಿಸುವುದರಲ್ಲಿ ನೇರ ಅಳತೆ 7 ಇಂಚು, ಆಳ ಒಂದೂವರೆಗಿಂತ ಸ್ವಲ್ಪ ಜಾಸ್ತಿ. ಒಳ ಅಂಚಿನ ಉದ್ದ ಎರಡರಲ್ಲೂ ಅದೇ 8 ಇಂಚು. ಟೋಪಿಗೆ ಎರಡೂ ಸರಿಯಾಗಿ ಸೇರುತ್ತವೆ, ಆದರೆ ಒಂದು ಚಾಚುತ್ತದೆ, ಇನ್ನೊಂದು ಹಣೆಗೆ ಒಪ್ಪುತ್ತದೆ. ಆರು ಟೋಪಿಯ ಬ್ರಿಮ್ಮನ್ನೂ ಬಿಚ್ಚಿ ಮತ್ತೆ ಹಾಕಿದೆ.

ನೀವು ಮಾಡುವುದಾದರೆ ಪ್ಲಾಸ್ಟಿಕ್ಕಿಗೆ ಕತ್ತರಿ ಹಾಕುವ ಮೊದಲು ಮದುವೆ ಕಾರ್ಡಿನಲ್ಲಿ ಮೂರು ಬಗೆಯ ಬಾಗು ಕತ್ತರಿಸಿಕೊಳ್ಳಿ. ಒಂದೊಂದನ್ನೇ ಟೋಪಿಗೆ ಪಿನ್ ಮಾಡಿ ಕನ್ನಡಿಯಲ್ಲಿ ನೋಡಿ. ಎದುರಿನಿಂದ ಅಲ್ಲ, ಪಕ್ಕದಿಂದ. ಬ್ರಿಮ್ಮಿನ ಅಗಲ ಮಧ್ಯದಲ್ಲಿ 2 ಇಂಚು ಇದ್ದರೆ ಸಾಮಾನ್ಯವಾಗಿ ಎಲ್ಲರಿಗೂ ಸರಿ. ಉದ್ದ ಮುಖದವರಿಗೆ ಎರಡೂಕಾಲು ಕೊಡುತ್ತೇನೆ. ಎರಡೂವರೆ ದಾಟಿದರೆ ಹಳೆಯ ಕಾಲದ ಕಳೆ ಹೋಗಿಬಿಡುತ್ತದೆ.

ಕತ್ತರಿಸಿದ ಬ್ರಿಮ್ಮನ್ನು ಕುದಿಯುವ ನೀರಲ್ಲಿ ಎರಡು ನಿಮಿಷ ಅದ್ದಿ, ಸ್ಟೀಲ್ ಡಬ್ಬದ ಸುತ್ತ ಬಟ್ಟೆಯ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ ರಾತ್ರಿಯೆಲ್ಲ ಬಿಡುತ್ತೇನೆ. ಬೆಳಿಗ್ಗೆ ಬಿಚ್ಚಿದರೆ ಸ್ವಲ್ಪ ಬಾಗು ಉಳಿದಿರುತ್ತದೆ, ಅಷ್ಟು ಸಾಕು. ಇಸ್ತ್ರಿಪೆಟ್ಟಿಗೆ ಮಾತ್ರ ಅದರ ಹತ್ತಿರ ಬರಬಾರದು. ಒಮ್ಮೆ ಮುಗಿದ ಟೋಪಿಗೆ ಮೇಲಿನಿಂದ ಇಸ್ತ್ರಿ ಹಾಕಿ ಬ್ರಿಮ್ ಅಲೆ ಅಲೆಯಾಗಿ ಸೊಟ್ಟಾಯಿತು. ಬ್ರಿಮ್ಮಿನ ಬಟ್ಟೆಗೆ ಎಷ್ಟು ಇಸ್ತ್ರಿ ಬೇಕೋ ಅಷ್ಟನ್ನೂ ಪ್ಲಾಸ್ಟಿಕ್ ತೂರಿಸುವ ಮೊದಲೇ ಹಾಕಿ ಮುಗಿಸಿ.

ಬ್ರಿಮ್ಮಿನ ಮೇಲಿನ ಬಟ್ಟೆಯನ್ನು ಕೆಳಗಿನದಕ್ಕಿಂತ ಅರೆಕಾಲಿಂಚು ದೊಡ್ಡದು ಕತ್ತರಿಸಬೇಕು. ಬಾಗಿದಾಗ ಮೇಲಿನದಕ್ಕೆ ಜಾಸ್ತಿ ದೂರ ಹೋಗಬೇಕಾಗುತ್ತದೆ, ಕೆಳಗಿನದು ಸುಕ್ಕಾಗುತ್ತದೆ. ಕೆಳಗಿನದನ್ನು ಕ್ರಾಸ್ ಹಿಡಿದು, ಅಂದರೆ ಎಳೆಗೆ ಓರೆಯಾಗಿ, ಕತ್ತರಿಸಿದರೆ ಆ ಸುಕ್ಕೂ ತಪ್ಪುತ್ತದೆ. ಟೋಪಿಗೆ ಬ್ರಿಮ್ ಸೇರಿಸುವಾಗ ಜಿಪ್ ಫೂಟ್, ಅಂದರೆ ಜಿಪ್ ಹೊಲಿಯುವ ಸಣ್ಣ ಪಾದ, ಮೆಷಿನ್ನಿಗೆ ಹಾಕಿ, 16ನೇ ನಂಬರ್ ಸೂಜಿ. ಮೊದಲು ಮಧ್ಯಕ್ಕೆ ಮಧ್ಯ ಹೊಂದಿಸಿ ಕಚ್ಚಾ ಹೊಲಿಗೆ ಹಾಕಿ, ಅಲ್ಲಿಂದ ಎರಡೂ ಕಿವಿಯ ಕಡೆಗೆ ಹೊಲಿಯುತ್ತಾ ಹೋಗಿ. ಒಂದು ತುದಿಯಿಂದ ಶುರು ಮಾಡಿದರೆ ಬ್ರಿಮ್ ಒಂದು ಕಡೆಗೆ ಎಳೆದುಕೊಳ್ಳುತ್ತದೆ.

ಬಟ್ಟೆಯ ವಿಷಯಕ್ಕೆ ಬಂದರೆ ನನಗೆ ಮಾತು ಜಾಸ್ತಿ. ಇಂಗ್ಲೆಂಡಿನಲ್ಲಿ 1571ರಲ್ಲಿ ಒಂದು ಕಾನೂನು ತಂದಿದ್ದರಂತೆ. ಶ್ರೀಮಂತ ಮನೆತನದವರನ್ನು ಬಿಟ್ಟು, 6 ವರ್ಷ ದಾಟಿದ ಗಂಡಸರೆಲ್ಲ ಭಾನುವಾರ, ಹಬ್ಬದ ದಿನ ಅಲ್ಲೇ ಮಾಡಿದ ಉಣ್ಣೆ ಟೋಪಿ ಹಾಕಲೇಬೇಕು, ಇಲ್ಲದಿದ್ದರೆ ದಂಡ. ಉಣ್ಣೆಯ ಕಸುಬಿನವರ ಹೊಟ್ಟೆಪಾಡಿಗೆ ಅಂತ ತಂದದ್ದು. 1597ರಲ್ಲಿ ಅದನ್ನು ತೆಗೆದುಹಾಕಿದರು, ಆದರೆ ದುಡಿಯುವವರ ತಲೆಯ ಮೇಲೆ ಉಣ್ಣೆಯ ಟೋಪಿ ಉಳಿದುಕೊಂಡಿತು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಕಂಬಳಿ. ನಮ್ಮಲ್ಲಿ ಉಣ್ಣೆ ಅಂದರೆ ಅದೇ ತಾನೇ? ಕಬ್ಬಿನ ಗದ್ದೆಗೆ ರಾತ್ರಿ ನೀರು ಕಟ್ಟಲು ಹೋಗುವ ನಮ್ಮಣ್ಣನ ಹೆಗಲ ಮೇಲೆ ಈಗಲೂ ಕಂಬಳಿ ಇರುತ್ತದೆ.

ಹೊಸ ಕಂಬಳಿ ತಂದು ಕತ್ತರಿಸಿದೆ, ಕೆಟ್ಟಿತು. ನೇಯುವಾಗ ಎಳೆಗೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ. ಅದಕ್ಕೇ ಹೊಸ ಕಂಬಳಿ ಹಲಗೆಯ ಹಾಗೆ ನಿಲ್ಲುವುದು. ನೀರು ಬಿದ್ದರೆ ಗಂಜಿ ಹೋಗುತ್ತದೆ, ಉಣ್ಣೆ ಮುದುಡುತ್ತದೆ. ಹೊಲಿದ ಮೇಲೆ ಒಂದು ಮಳೆಗೆ ಸಿಕ್ಕ ಟೋಪಿ ನನ್ನ ಮಗನ ತಲೆಗೆ ಹೋಗಲೇ ಇಲ್ಲ. ಪಾಂಡವಪುರದ ಹತ್ತಿರ ನನ್ನ ತವರು. ಅಲ್ಲಿಗೆ ಹೋದಾಗ ಅವ್ವನಿಗೆ ಹೇಳಿದೆ.

"ಹೊಸದ್ಯಾಕ್ ಕುಯ್ದೆ ಮಗಾ? ನಿಮ್ಮಪ್ಪಂದು ಹಳೇದು ಅಟ್ಟದ ಮ್ಯಾಲೆ ಬಿದ್ದದೆ, ತಗಂಡೋಗು."

ಇಪ್ಪತ್ತು ಮಳೆಗಾಲ ಕಂಡ ಕಂಬಳಿ. ಗಂಜಿಯೆಲ್ಲ ಹೋಗಿ, ಮುದುಡುವಷ್ಟು ಮುದುಡಿ, ಎಳೆ ಎಳೆ ಕೂಡಿಕೊಂಡು ಮೆತ್ತಗಾಗಿತ್ತು. ಕಪ್ಪು ಅಂದುಕೊಂಡಿದ್ದೆ. ಕಿಟಕಿಯ ಬೆಳಕಿಗೆ ಹಿಡಿದರೆ ಕಂದು, ಬೂದು, ಅಲ್ಲಲ್ಲಿ ಒಂದೊಂದು ಬಿಳಿ ಕೂದಲು. ಯಾವ ಬಣ್ಣದ ಡಬ್ಬದಿಂದಲೂ ಅದು ಬರುವುದಿಲ್ಲ. ಹರಿದ ಜಾಗ ಬಿಟ್ಟು ಐದು ಟೋಪಿಯ ಬಟ್ಟೆ ಸಿಕ್ಕಿತು. ಈಗ ಹೊಸ ಕಂಬಳಿಯೇ ಆದರೂ ಎರಡು ಸಲ ನೆನೆಸಿ, ನೆರಳಲ್ಲಿ ಒಣಗಿಸಿ, ಹಿಂದೆ ಇಸ್ತ್ರಿಯಲ್ಲಿ ಅಂಟುವ ಕ್ಯಾನ್ವಾಸ್ ಹಾಕಿಯೇ ಕತ್ತರಿಸುತ್ತೇನೆ. ಒಳಗೆ ಮೆತ್ತನೆಯ ಕಾಟನ್ ಲೈನಿಂಗ್ ಬೇಕೇ ಬೇಕು, ಇಲ್ಲದಿದ್ದರೆ ಹಣೆ ಚುಚ್ಚುತ್ತದೆ. ಮೈಸೂರಿನ ಏಪ್ರಿಲ್ ಬಿಸಿಲಿಗೆ ಉಣ್ಣೆ ಬೇಡ. ಆಗ ಲಿನನ್, ಇಲ್ಲವೇ ದಪ್ಪ ಖಾದಿ.

1920ರ ಸುಮಾರಿನ ಫೋಟೋಗಳಲ್ಲಿ ಕಾಣುವ, ಮೇಲ್ಭಾಗ ಉಬ್ಬಿ ನೆತ್ತಿಯ ಮೇಲೆ ಗುಂಡಿ ಇರುವ ಎಂಟು ಪೀಸಿನ ಟೋಪಿಯನ್ನೂ ಕೇಳುತ್ತಾರೆ. ಕಟೋರಿ ಬ್ಲೌಸ್ ಹೊಲಿದ ಕೈಗೆ ಅದರ ಬಾಗಿದ ಹೊಲಿಗೆ ಕಷ್ಟವಲ್ಲ. ಒಂದು ಎಚ್ಚರಿಕೆ ಸಾಕು. ಎಂಟು ಹೊಲಿಗೆ, ಒಂದೊಂದಕ್ಕೆ ಎರಡು ಅಂಚು, ಒಟ್ಟು 16. ಒಂದೊಂದು ಅಂಚಿನಲ್ಲಿ ಇಂಚಿನ 16ನೇ ಒಂದು ಭಾಗ ಜಾಸ್ತಿ ಒಳಗೆ ಹೋದರೂ ಟೋಪಿ ಒಂದು ಇಂಚು ಚಿಕ್ಕದಾಗುತ್ತದೆ. ಅದಕ್ಕೆ ನಾಲ್ಕು ನಾಲ್ಕು ಪೀಸು ಸೇರಿಸಿ ಎರಡು ಅರ್ಧ ಮಾಡಿಕೊಂಡು, ಅಳೆದು ನೋಡಿ, ಆಮೇಲೆ ಮಧ್ಯದ ಹೊಲಿಗೆ ಹಾಕುತ್ತೇನೆ.

ಮೇಷ್ಟ್ರ ಟೋಪಿಯ ಮೇಲ್ಭಾಗ ಬ್ರಿಮ್ಮಿಗೆ ಕೂಡಿಕೊಳ್ಳಲು ಮೊದಲು ಒಂದು ಟಿಚ್ ಬಟನ್ ಇತ್ತು. ತುಕ್ಕು ಹಿಡಿದಿತ್ತು, ಹೊಸದು ಹಾಕಿದೆ. ಮಾರನೆಯ ದಿನವೇ ವಾಪಸ್ ಬಂದರು. ಬೆರಳು ನಡುಗುತ್ತದೆ, ಒತ್ತಲು ಆಗುವುದಿಲ್ಲ ಅಂದರು. ಬಟನ್ ತೆಗೆದು, ಅದೇ ಜಾಗದಲ್ಲಿ ಬೂದು ದಾರದಿಂದ ಕೈಯಲ್ಲೇ ಮೂರು ಹೊಲಿಗೆ ಹಾಕಿದೆ. ತಲೆಗೆ ಹಾಕಿಕೊಂಡು ಕನ್ನಡಿ ಕೇಳಲಿಲ್ಲ. ಬ್ರಿಮ್ಮಿನ ಮೇಲೆ ಎರಡು ಬೆರಳು ಆಡಿಸಿ, "ಅಪ್ಪ ಹೀಗೇ ಹಿಡ್ಕೊಳ್ತಿದ್ರು" ಅಂದರು.